ಗಾಡಿ ಕ್ಲೇಮಿಗೆ ನಾಲ್ಕು ಸ್ಟಾರ್, ಕತ್ತಿನ ಕ್ಲೇಮಿಗೆ ಒಂದೂವರೆ

ಮೂರು ಕಡೆಯವರ ಸರ್ವೀಸ್ ಬಗ್ಗೆ ಒಂದೇ ರಿವ್ಯೂನಲ್ಲಿ ಬರೀತಿದೀನಿ, ಯಾಕಂದ್ರೆ ಮೂರೂ ಒಂದೇ ಆಕ್ಸಿಡೆಂಟಿಂದ ನಮಗೆ ಗಂಟುಬಿದ್ದಿದ್ದು. ಮೊದಲನೇದು ನಮ್ಮ ಕಾರಿನ ಇನ್ಶೂರೆನ್ಸ್ ಕಂಪನಿ, ಎರಡನೇದು ಹಿಂದಿಂದ ಬಂದು ಗುದ್ದಿದವನ ಕಂಪನಿ, ಮೂರನೇದು ಆಮೇಲೆ ನಾವು ಹಿಡಿದ ಲಾಯರ್ ಆಫೀಸು. ಹೆಸರು ಯಾವ್ದೂ ಹಾಕಲ್ಲ, ಸೆಟ್ಲ್‌ಮೆಂಟ್ ಪೇಪರಲ್ಲಿ ಅದಕ್ಕೂ ಒಂದು ಸಾಲು ಇದೆ. ಹೆಸರಿಲ್ದೇ ಇದೆಂಥ ರಿವ್ಯೂ ಅನ್ನೋರು ಪೂರ್ತಿ ಓದಿ ಆಮೇಲೆ ಬೈಯಿರಿ, ನಿಮ್ಮ ಕಂಪನಿ ಯಾವ್ದೇ ಇರ್ಲಿ ಇದ್ರಲ್ಲಿ ಅರ್ಧ ನಿಮಗೂ ಬರತ್ತೆ.

ನಡೆದಿದ್ದು ದೊಡ್ಡ ಕಥೆ ಏನಲ್ಲ. ಸಿಗ್ನಲಲ್ಲಿ ನಿಂತಿದ್ವಿ, ಹಿಂದಿನವನು ನಿಲ್ಲಿಸ್ಲಿಲ್ಲ. ನಮ್ಮನೆಯವರು ಓಡಿಸ್ತಿದ್ರು, ನಾನು ಪಕ್ಕದ ಸೀಟು. ಇಬ್ರೂ ಇಳಿದು ಫೋಟೋ ತೆಗೆದ್ವಿ, ನಂಬರ್ ಪ್ಲೇಟು, ರಸ್ತೆ, ಅವನ ಗಾಡಿ ನಮ್ಮ ಗಾಡಿ ಎರಡೂ ಒಂದೇ ಫ್ರೇಮಲ್ಲಿ ಬರೋ ಹಾಗೆ, ಪೊಲೀಸ್ ರಿಪೋರ್ಟೂ ಆಯ್ತು, ಅವನೂ ಪಾಪ ಸಭ್ಯನೇ, ತಪ್ಪು ನಂದೇ ಅಂದ. ಆಗ ನಂಗೆ ನೋವೇ ಇರ್ಲಿಲ್ಲ. ಮಾರನೇ ದಿನ ಸಂಜೆ ಹೊತ್ತಿಗೆ ಕತ್ತು ಬಲಕ್ಕೆ ತಿರುಗ್ತಾನೇ ಇಲ್ಲ, ಜೊತೆಗೆ ಎಡಗೈ ಬೆರಳಲ್ಲಿ ಜುಮುಜುಮು. ಡಾಕ್ಟರ್ ವಿಪ್ಲ್ಯಾಶ್ ಅಂದ್ರು. ತಲೆ ಹಿಂದಕ್ಕೆ ಮುಂದಕ್ಕೆ ಜರ್ಕ್ ಹೊಡೆದು ಕತ್ತಿನ ಸ್ನಾಯು ಲಿಗಮೆಂಟೆಲ್ಲ ಎಳೆದುಕೊಳ್ಳೋದು. ಕೆಲವು ಗಂಟೆ, ಕೆಲವು ಸಲ ಒಂದೆರಡು ದಿನ ಬಿಟ್ಟು ನೋವು ಶುರುವಾಗೋದು ಇದ್ರಲ್ಲಿ ಮಾಮೂಲಂತೆ. ಈ ತಡವಾಗಿ ಬರೋ ಗುಣಾನೇ ಮುಂದೆ ಕ್ಲೇಮಲ್ಲಿ ನಮ್ಮ ತಲೆ ತಿಂದಿದ್ದು.

ಮೊದಲು ನಮ್ಮ ಕಂಪನಿ, ಅಂದ್ರೆ ಗಾಡಿ ಕ್ಲೇಮು. ನಿಜ ಹೇಳ್ಬೇಕಂದ್ರೆ ಚೆನ್ನಾಗೇ ಮಾಡಿದ್ರು. ಆಪಲ್ಲಿ ಯಾವ್ಯಾವ ಕಡೆಯಿಂದ ಫೋಟೋ ಬೇಕು ಅಂತ ಗೆರೆ ಹಾಕಿ ತೋರಿಸತ್ತೆ, ಓಡೋಮೀಟರ್ ಫೋಟೋ, ಚಾಸಿ ನಂಬರ್ ಫೋಟೋ, ಎಲ್ಲ ಹಾಕಿದ್ಮೇಲೆ ಕ್ಲೇಮ್ ನಂಬರ್ ಬಂತು, ಡ್ಯಾಮೇಜ್ ನೋಡಿ ಲೆಕ್ಕ ಹಾಕೋ ಸರ್ವೇಯರ್ ಯಾವಾಗ ಬರ್ತಾರೆ ಅಂತಾನೂ ಬಂತು, ಹೇಳಿದ ಹೊತ್ತಿಗೇ ಬಂದ್ರು. ಅವರ ಲಿಸ್ಟಲ್ಲಿರೋ ಗ್ಯಾರೇಜಿಗೆ ಬಿಟ್ರೆ ಬಿಲ್ಲು ನೇರ ಅವರೇ ಕಟ್ತಾರೆ, ಬೇರೆ ಕಡೆ ಬಿಟ್ರೆ ನಾವು ಕಟ್ಟಿ ಆಮೇಲೆ ತಗೋಬೇಕು. ನಾವು ಲಿಸ್ಟಿನ ಗ್ಯಾರೇಜೇ ಹಿಡಿದ್ವಿ.

ಇಲ್ಲಿ ಒಂದು ವಿಷಯ ಸ್ವಲ್ಪ ಎಳೆದು ಹೇಳ್ತೀನಿ, ಯಾಕಂದ್ರೆ ಇದು ಆಮೇಲೆ ಕತ್ತಿನ ಕ್ಲೇಮಲ್ಲೂ ಕೆಲಸಕ್ಕೆ ಬಂತು. ಮೊದಲ ಎಸ್ಟಿಮೇಟಲ್ಲಿ ಕಣ್ಣಿಗೆ ಕಾಣೋದು ಮಾತ್ರ ಇರತ್ತೆ. ನಮ್ಮ ಹಿಂದಿನ ಬಂಪರ್ ನೋಡಿದ್ರೆ ಒಂದು ಬಿರುಕು, ಒಂದಿಷ್ಟು ಗೀರು, ಅಷ್ಟೇ. ಈಗಿನ ಬಂಪರ್ ಅಂದ್ರೆ ಮೇಲೆ ಪ್ಲಾಸ್ಟಿಕ್ ಹೊದಿಕೆ, ಗುದ್ದಿದಾಗ ಒಳಕ್ಕೆ ಹೋಗಿ ಮತ್ತೆ ಹೊರಕ್ಕೆ ಬಂದು ಏನೂ ಆಗಿಲ್ಲ ಅನ್ನೋ ಹಾಗೆ ಕೂತಿರತ್ತೆ. ಗ್ಯಾರೇಜಲ್ಲಿ ಅದನ್ನ ಬಿಚ್ಚಿದಾಗ ಒಳಗಿನ ಉಕ್ಕಿನ ಬೀಮ್ ಬಗ್ಗಿತ್ತು, ಫೋಮ್ ಪುಡಿಯಾಗಿತ್ತು, ಡಿಕ್ಕಿ ಕೆಳಗಿನ ತಗಡು ಸುಕ್ಕಾಗಿತ್ತು. ಗ್ಯಾರೇಜಿನವರು ಎರಡನೇ ಎಸ್ಟಿಮೇಟ್ ಫೋಟೋ ಸಮೇತ ಕಳಿಸಿದ್ರು, ಸರ್ವೇಯರ್ ಮತ್ತೆ ಬಂದು ನೋಡಿ ಪಾಸ್ ಮಾಡಿದ್ರು, ತಕರಾರಿಲ್ಲ. ಪಾರ್ಕಿಂಗ್ ಸೆನ್ಸರ್, ರಿವರ್ಸ್ ಕ್ಯಾಮೆರಾ ಎಲ್ಲ ಬಿಚ್ಚಿ ಹಾಕಿದ್ಮೇಲೆ ಮತ್ತೆ ಕ್ಯಾಲಿಬ್ರೇಟ್ ಮಾಡ್ಬೇಕು, ಅದೂ ಬಿಲ್ಲಲ್ಲಿ ಬರತ್ತೆ, ಸೇರಿಸಿದ್ದಾರಾ ನೋಡ್ಕೊಳ್ಳಿ. ಗುದ್ದಿದಾಗ ಸೀಟ್ ಬೆಲ್ಟನ್ನ ಬಿಗಿಯಾಗಿ ಎಳೆಯೋ ಪ್ರೀಟೆನ್ಷನರ್ ಒಂದ್ಸಲ ಕೆಲಸ ಮಾಡಿದ್ರೆ ಮುಗೀತು, ಬದಲಾಯಿಸ್ಲೇಬೇಕು. ಮಕ್ಕಳ ಸೀಟು ಇದ್ರೆ ಅದನ್ನೂ ಕೇಳಿ. ಅಮೆರಿಕಾದ ರಸ್ತೆ ಸುರಕ್ಷತಾ ಸಂಸ್ಥೆ ಮಧ್ಯಮ ಅಥವಾ ಜೋರು ಅಪಘಾತ ಆದ್ರೆ ಮಕ್ಕಳ ಸೀಟು ಬದಲಾಯಿಸಿ ಅಂತಾನೇ ಹೇಳತ್ತೆ, ಮೇಲ್ನೋಟಕ್ಕೆ ಸೀಟು ಸರಿಯಾಗೇ ಕಂಡ್ರೂ. ನಮ್ಮಣ್ಣನ ಮಗಳಿಗೆ ಅಂತ ಇಟ್ಟಿದ್ದ ಸೀಟು ಹಿಂದೆ ಇತ್ತು, ಖಾಲಿ ಇತ್ತು ಪುಣ್ಯಕ್ಕೆ, ಅದಕ್ಕೂ ದುಡ್ಡು ಕೊಟ್ರು.

ಐದನೇ ಸ್ಟಾರ್ ಯಾಕೆ ಕೊಟ್ಟಿಲ್ಲ ಅಂದ್ರೆ ಎರಡು ಕಾರಣ. ಗ್ಯಾರೇಜಿಗೆ ಹೋಗೋ ಮುಂಚೆ ಟೋ ಮಾಡಿದವನು ಗಾಡಿನ ಅವನ ಯಾರ್ಡಲ್ಲಿ ಇಟ್ಕೊಂಡಿದ್ದ, ಅಲ್ಲಿ ದಿನದ ಲೆಕ್ಕದಲ್ಲಿ ಬಾಡಿಗೆ ಓಡ್ತಿರತ್ತೆ ಅಂತ ಕಂಪನಿಯವರು ಒಂದು ಮಾತು ಹೇಳ್ಲಿಲ್ಲ. ಬಿಲ್ ಬಂದ್ಮೇಲೆ ಇಷ್ಟು ದಿನ ಯಾಕೆ ಬಿಟ್ರಿ ಅಂತ ನಮ್ಮನ್ನೇ ಕೇಳ್ತಾರೆ, ಅರ್ಧ ಮಾತ್ರ ಕೊಟ್ರು. ಎರಡನೇದು, ತಪ್ಪು ಎದುರಿನವನದು ಆದ್ರೂ ನಮ್ಮ ಪಾಲಿಸಿಯಲ್ಲಿ ಮಾಡಿಸಿದ್ದಕ್ಕೆ ಡಿಡಕ್ಟಬಲ್, ಅಂದ್ರೆ ಬಿಲ್ಲಲ್ಲಿ ನಾವೇ ಕಟ್ಬೇಕಾದ ಪಾಲು, ನಮ್ಮ ಕೈಯಿಂದ ಹೋಯ್ತು. ಕಂಪನಿಯವರು ರಿಪೇರಿಗೆ ಕೊಟ್ಟ ದುಡ್ಡನ್ನ ಆಮೇಲೆ ಅವನ ಕಂಪನಿಯಿಂದ ವಸೂಲಿ ಮಾಡ್ತಾರೆ, ಸಬ್ರೊಗೇಶನ್ ಅಂತಾರೆ, ಅದ್ರಲ್ಲಿ ನಮ್ಮ ಡಿಡಕ್ಟಬಲ್ಲೂ ವಾಪಸ್ ಬರ್ಬೇಕು. ಬಂತು, ಆದ್ರೆ ನಾವಾಗೇ ಮೇಲ್ ಮೇಲೆ ಮೇಲ್ ಹಾಕಿದ್ಮೇಲೆ.

ಈಗ ಎರಡನೇ ಕಂಪನಿ. ಗಾಡಿ ನಮ್ಮ ಪಾಲಿಸಿಯಲ್ಲಿ ರಿಪೇರಿ ಆಯ್ತು, ಆದ್ರೆ ನನ್ನ ಚಿಕಿತ್ಸೆ, ರಜೆ, ನೋವು ಇದೆಲ್ಲ ಕೇಳ್ಬೇಕಾಗಿದ್ದು ಗುದ್ದಿದವನ ಕಂಪನಿಯಿಂದ. ಅವರ ಸರ್ವೀಸಲ್ಲಿ ಮೊದಲು ಗಮನಕ್ಕೆ ಬರೋದು ವಿನಯ. ಏನ್ ವಿನಯ ಅಂತೀರಿ, ಫೋನ್ ಮಾಡಿದ ಹುಡುಗ ಹೇಗಿದೀರ, ಊಟ ನಿದ್ದೆ ಸರಿ ಆಗ್ತಿದೆಯಾ ಅಂತೆಲ್ಲ ಕೇಳಿದ. ಕೇಳಿದ್ದು ಮಾತ್ರ ನನ್ನನ್ನಲ್ಲ, ನಮ್ಮನೆಯವರನ್ನ. ಪಾಲಿಸಿ ಅವರ ಹೆಸರಲ್ಲಿ, ಫೋನ್ ನಂಬರ್ ಅವರದು, ನೋವು ಮಾತ್ರ ನಂದು. ಇವರು ಆಫೀಸಲ್ಲಿದ್ರು, ಹಾಂ ಪರ್ವಾಗಿಲ್ಲ ಅನ್ಸತ್ತೆ ಅಂದು ಇಟ್ಟಿದ್ದಾರೆ. ಆ ಪರ್ವಾಗಿಲ್ಲ ರೆಕಾರ್ಡ್ ಆಗಿದೆ, ಆಮೇಲೆ ಬಂದ ಪತ್ರದಲ್ಲಿ ಪ್ರಯಾಣಿಕರಿಗೆ ಗಮನಾರ್ಹ ಗಾಯ ಇಲ್ಲ ಅಂತ ಪಾಲಿಸಿದಾರರೇ ತಿಳಿಸಿದ್ದಾರೆ ಅಂತ ಕೂತಿದೆ! ಪಕ್ಕದ ಸೀಟಲ್ಲಿ ಕೂತವರ ಕ್ಲೇಮು ಅವರದೇ ಸ್ವಂತ ಕ್ಲೇಮು, ಅದರ ಬಗ್ಗೆ ಗಂಡನಾಗ್ಲಿ ಅಣ್ಣನಾಗ್ಲಿ ಫೋನಲ್ಲಿ ಉತ್ತರ ಕೊಡೋದು ಬೇಡ, ನಾನೇ ಬರವಣಿಗೆಯಲ್ಲಿ ಕೊಡ್ತೀನಿ ಅಂತ ಹೇಳ್ಬಿಡಿ.

ಇನ್ನೂ ಫಿಸಿಯೋಥೆರಪಿ ಶುರುವಾಗೋ ಮುಂಚೆ, ಎಂಆರ್‌ಐ ಆಗೋ ಮುಂಚೆ, ಅವರ ಕಡೆಯಿಂದ ಒಂದು ಆಫರ್ ಲೆಟರ್ ಬಂತು. ಸಹಿ ಹಾಕಿ ಕಳಿಸಿದ್ರೆ ದುಡ್ಡು ಅಕೌಂಟಿಗೆ. ನಮ್ಮ ಗಾಡಿ ಕ್ಲೇಮ್ ಬೇಗ ಮುಗಿದಿತ್ತಲ್ಲ, ಅದೇ ಗುಂಗಲ್ಲಿ ನಮ್ಮನೆಯವರು, ನೋಡು ಎಷ್ಟು ಫಾಸ್ಟಾಗಿ ಮಾಡ್ತಿದ್ದಾರೆ ಅಂತ ಖುಷಿ ಪಟ್ರು. ಈ ರಿವ್ಯೂ ಬರೆಯಕ್ಕೆ ಕಾರಣಾನೇ ಇದು. ಗಾಡಿ ಕ್ಲೇಮಲ್ಲಿ ಸ್ಪೀಡ್ ಇದ್ರೆ ಒಳ್ಳೆ ಸರ್ವೀಸು, ಯಾಕಂದ್ರೆ ಬಗ್ಗಿದ ಬೀಮ್ ಮುಂದಿನ ತಿಂಗಳು ಇನ್ನಷ್ಟು ಬಗ್ಗಲ್ಲ, ಲೆಕ್ಕ ಇವತ್ತೇ ಹಾಕ್ಬಹುದು. ಮೈಗೆ ಆದ ಪೆಟ್ಟಿನ ಕ್ಲೇಮು ಸ್ಪೀಡಾಗಿ ಬಂತು ಅಂದ್ರೆ ಲೆಕ್ಕ ಹಾಕೋ ಮುಂಚೆ ಮುಗಿಸ್ತಿದ್ದಾರೆ ಅಂತ ಅರ್ಥ. ಆ ಪೇಪರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರೋದು ಫುಲ್ ಅಂಡ್ ಫೈನಲ್, ಅಂದ್ರೆ ಇವತ್ತು ಗೊತ್ತಿರೋ ಗಾಯಕ್ಕೂ, ಮುಂದೆ ಗೊತ್ತಾಗೋ ಗಾಯಕ್ಕೂ ಸೇರಿಸಿ ನಾನಿನ್ನು ಏನೂ ಕೇಳಲ್ಲ ಅಂತ. ಬೆರಳು ಜುಮುಜುಮು ಅಂತಿರೋದು ನರದ್ದಾ ಏನು ಅಂತ ಡಾಕ್ಟರಿಗೇ ಇನ್ನೂ ಗೊತ್ತಿಲ್ಲ, ಇವರು ಅದಕ್ಕೂ ಸೇರಿಸಿ ರೇಟ್ ಕಟ್ಟಿದ್ದಾರೆ.

ಕೋಪಕ್ಕೆ ರಾತ್ರಿಯೆಲ್ಲ ಕೂತು ಓದ್ದೆ, ಕತ್ತು ನೋವಲ್ಲಿ ನಿದ್ದೆ ಹೆಂಗೂ ಇರ್ಲಿಲ್ಲ. ಇಂಗ್ಲೆಂಡಲ್ಲಿ ಈ ಆಟ ಎಷ್ಟು ಜೋರಾಗಿತ್ತು ಅಂದ್ರೆ 2018ರ ಸಿವಿಲ್ ಲಯಬಿಲಿಟಿ ಕಾಯ್ದೆಯಲ್ಲಿ, ಮೆಡಿಕಲ್ ರಿಪೋರ್ಟ್ ಬರೋ ಮುಂಚೆ ವಿಪ್ಲ್ಯಾಶ್ ಕ್ಲೇಮಿಗೆ ಆಫರ್ ಕೊಡೋದನ್ನೇ ನಿಷೇಧ ಮಾಡಿದ್ದಾರೆ. ಅದರ ಜೊತೆಗೇ 2021ರ ಮೇ ಕೊನೆಯಿಂದ ಎರಡು ವರ್ಷದೊಳಗಿನ ವಿಪ್ಲ್ಯಾಶಿಗೆ ಎಷ್ಟು ತಿಂಗಳು ನೋವಿತ್ತು ಅನ್ನೋದರ ಮೇಲೆ ಫಿಕ್ಸ್ ರೇಟೂ ಮಾಡಿ ಇಟ್ರು, ಹೋಟೆಲ್ ಗೋಡೆ ಮೇಲಿನ ರೇಟ್ ಬೋರ್ಡ್ ತರ. ಅದು ನ್ಯಾಯಾನಾ ಅನ್ಯಾಯಾನಾ ಅಂತ ನಂಗೆ ಇನ್ನೂ ತೀರ್ಮಾನ ಆಗಿಲ್ಲ, ಆದ್ರೆ ರಿಪೋರ್ಟ್ ಮುಂಚೆ ಆಫರ್ ಬೇಡ ಅನ್ನೋದು ಮಾತ್ರ ಎಲ್ಲಾ ದೇಶದಲ್ಲೂ ಇರ್ಬೇಕಾದ ರೂಲ್.

ಸಹಿ ಹಾಕ್ಲಿಲ್ಲ. ಹಾಕ್ಲಿಲ್ಲ ಅಂದ್ಮೇಲೆ ಆ ಹುಡುಗನ ವಿನಯ ಸ್ವಲ್ಪ ಇಳೀತು. ಮೊದಲು ಒಂದು ಒಪ್ಪಿಗೆ ಪತ್ರ ಕಳಿಸಿದ್ರು, ನನ್ನ ವೈದ್ಯಕೀಯ ದಾಖಲೆ ನೋಡಕ್ಕೆ ಅಂತ, ಓದಿದ್ರೆ ಆಕ್ಸಿಡೆಂಟಿಗೆ ಸಂಬಂಧಪಟ್ಟಿದ್ದು ಮಾತ್ರ ಅಲ್ಲ, ಯಾವ ಡಾಕ್ಟರ ಹತ್ರ ಯಾವತ್ತು ಹೋಗಿದ್ರೂ ಎಲ್ಲಾ ತೆಗೆದು ನೋಡ್ಬಹುದು ಅಂತಿದೆ. ಹಳೇ ಬೆನ್ನು ನೋವಿನ ಚೀಟಿ ಸಿಕ್ರೆ ಇದು ಮುಂಚೆನೇ ಇತ್ತು ಅನ್ಬಹುದಲ್ಲ, ಅದಕ್ಕೆ. ಆಮೇಲೆ ಎಕ್ಸ್‌ರೇ ನಾರ್ಮಲ್ ಇದೆ ಅಂದ್ರು. ಎಕ್ಸ್‌ರೇಲಿ ಮೂಳೆ ಕಾಣತ್ತೆ ಸ್ವಾಮಿ, ಎಳೆದ ಸ್ನಾಯು ಕಾಣಲ್ಲ, ವಿಪ್ಲ್ಯಾಶಲ್ಲಿ ಬಹಳಷ್ಟು ಜನಕ್ಕೆ ಎಕ್ಸ್‌ರೇ ನಾರ್ಮಲ್ಲೇ ಇರತ್ತೆ. 1995ರಲ್ಲೇ ಕೆನಡಾದ ಕ್ವೆಬೆಕ್ ಪ್ರಾಂತ್ಯದ ತಜ್ಞರ ಕಾರ್ಯಪಡೆ ಈ ವಿಪ್ಲ್ಯಾಶ್ ತೊಂದರೆನ ಗ್ರೇಡ್ ಮಾಡಿ ಕೊಟ್ಟಿದೆ, ಬರೀ ನೋವಿದ್ರೆ ಒಂದನೇ ಗ್ರೇಡು, ಡಾಕ್ಟರ್ ಪರೀಕ್ಷೆಲಿ ಕತ್ತಿನ ಚಲನೆ ಕಮ್ಮಿ ಕಂಡ್ರೆ ಎರಡು, ನರದ ಲಕ್ಷಣ ಇದ್ರೆ ಮೂರು, ಮೂಳೆ ಮುರಿದಿದ್ರೆ ಅಥವಾ ಜಾರಿದ್ರೆ ನಾಲ್ಕು. ಎಕ್ಸ್‌ರೇಲಿ ಸಿಗೋದು ಹೆಚ್ಚುಕಮ್ಮಿ ಆ ನಾಲ್ಕನೇದು. ನನ್ನ ಬೆರಳಿನ ಜುಮುಜುಮುನ ಡಾಕ್ಟರ್ ಪರೀಕ್ಷೆ ಮಾಡಿ ನೋಟ್ಸಲ್ಲಿ ಬರೆದಿದ್ದು ಅದಕ್ಕೇ ಮುಖ್ಯ ಆಯ್ತು. ಡಾಕ್ಟರ ಹತ್ರ ಹೋದಾಗ ಹುಷಾರಾಗಿದೀರಾ ಅಂತ ಕೇಳಿದ್ರೆ ಸಂಕೋಚಕ್ಕೆ ಹೂಂ ಅನ್ಬೇಡಿ, ಯಾವ ಕೆಲಸ ಮಾಡಕ್ಕಾಗಲ್ಲ ಅಂತ ಬಿಡಿಸಿ ಹೇಳಿ, ಬರೆಸಿ. ಅಮೆರಿಕಾದಲ್ಲಿ ಕೊಲಾಸಸ್ ಅಂತ ಒಂದು ಸಾಫ್ಟ್‌ವೇರೇ ಇದೆ, ದೊಡ್ಡ ದೊಡ್ಡ ವಿಮಾ ಕಂಪನಿಗಳು ಗಾಯದ ಕ್ಲೇಮಿಗೆ ಬೆಲೆ ಕಟ್ಟಕ್ಕೆ ಬಳಸಿರೋದು, ಅದಕ್ಕೆ ನಿಮ್ಮ ಮುಖ ಕಾಣಲ್ಲ, ದಾಖಲೆಲಿ ಏನಿದೆ ಅಂತ ಟೈಪ್ ಮಾಡ್ತಾರೋ ಅಷ್ಟೇ ಕಾಣತ್ತೆ.

ಅವರ ಕೊನೇ ಅಸ್ತ್ರ ಬಂಪರ್ ಫೋಟೋ. ನಮ್ಮದೇ ಫೋಟೋ, ಸ್ಥಳದಲ್ಲಿ ತೆಗೆದಿದ್ದು, ಅದನ್ನ ಪ್ರಿಂಟ್ ಹಾಕಿ ಇಷ್ಟು ಸಣ್ಣ ಗೀರಿಗೆ ಇಷ್ಟು ದೊಡ್ಡ ನೋವು ಬರಕ್ಕೆ ಸಾಧ್ಯ ಇಲ್ಲ, ಲೋ ಇಂಪ್ಯಾಕ್ಟ್, ಅಂದ್ರೆ ಮೆಲ್ಲಗೆ ತಾಗಿದ್ದಷ್ಟೇ ಅಂದ್ರು. ಒಂದೂವರೆ ಸ್ಟಾರ್ ಕೊಟ್ಟಿರೋದು ಪತ್ರಕ್ಕೆ ಉತ್ತರ ಹೇಳಿದ ಟೈಮಿಗೆ ಕೊಡ್ತಾರೆ ಅನ್ನೋದಕ್ಕೆ, ಉತ್ತರದಲ್ಲಿ ಏನಿರತ್ತೆ ಅನ್ನೋದಕ್ಕಲ್ಲ.

ಲಾಯರ್ ಆಫೀಸಿಗೆ ಹೋಗಿದ್ದು ಇಷ್ಟಾದ್ಮೇಲೆ. ಸಣ್ಣ ಪೆಟ್ಟು, ಒಂದು ವಾರದಲ್ಲಿ ಹುಷಾರಾಗೋದು, ಅಂಥದ್ದಕ್ಕೆ ಲಾಯರ್ ಬೇಡ, ನೀವೇ ಪತ್ರ ಬರೆದು ಮುಗಿಸ್ಕೊಳ್ಳಿ. ನರ, ಮೂಳೆ, ತಲೆ ಪೆಟ್ಟು, ತಿಂಗಳುಗಟ್ಟಲೆ ರಜೆ, ಇಲ್ಲಾ ತಪ್ಪು ಯಾರದು ಅನ್ನೋದರಲ್ಲೇ ಜಗಳ, ಆಗ ಬೇಕೇ ಬೇಕು.

ಲಾಯರ್ ಮೇಡಂ ಮಾಡಿದ ಮೊದಲ ಕೆಲಸ ನಂಗೆ ಇವತ್ತಿಗೂ ಇಷ್ಟ. ಕತ್ತಿನ ಪೇಪರ್ ಪಕ್ಕಕ್ಕಿಟ್ಟು ಗ್ಯಾರೇಜಿನ ಎರಡನೇ ಎಸ್ಟಿಮೇಟ್ ಇದೆಯಾ ಅಂತ ಕೇಳಿದ್ರು. ಬಗ್ಗಿದ ಬೀಮು, ಸುಕ್ಕಾದ ತಗಡು, ಆ ಫೋಟೋಗಳು ಹೋದ್ಮೇಲೆ ಲೋ ಇಂಪ್ಯಾಕ್ಟ್ ಅನ್ನೋ ಮಾತು ಮತ್ತೆ ಬರ್ಲೇ ಇಲ್ಲ. ಬೇಕಾದ್ರೆ ಎದುರು ಗಾಡಿಯ ಏರ್‌ಬ್ಯಾಗ್ ಮಾಡ್ಯೂಲಲ್ಲಿರೋ ಡೇಟಾನೂ ಕೇಳೋಣ ಅಂದ್ರು. ಅದು ನಂಗೆ ಹೊಸ ವಿಷಯ. ಈಗಿನ ಗಾಡಿಗಳಲ್ಲಿ ಒಂದು ರೆಕಾರ್ಡರ್ ಇರತ್ತಂತೆ, ಅಮೆರಿಕಾದ ನಿಯಮದಲ್ಲಿ ಬರೆದಿರೋ ಪ್ರಕಾರ 150 ಮಿಲಿಸೆಕೆಂಡ್ ಒಳಗೆ ವೇಗ ಗಂಟೆಗೆ 8 ಕಿಲೋಮೀಟರಷ್ಟು ಬದಲಾದ್ರೆ ಸಾಕು ಅದು ಎಚ್ಚರ ಆಗತ್ತೆ, ಗುದ್ದೋ ಮುಂಚಿನ ಕೆಲವು ಸೆಕೆಂಡಿನ ವೇಗ, ಬ್ರೇಕ್ ಒತ್ತಿದ್ನಾ ಇಲ್ವಾ ಎಲ್ಲ ಉಳ್ಕೊಳ್ಳತ್ತೆ. ಯುರೋಪಲ್ಲಿ 2024ರ ಜುಲೈಯಿಂದ ಹೊಸ ಕಾರಿಗೆಲ್ಲ ಇಂಥ ರೆಕಾರ್ಡರ್ ಕಡ್ಡಾಯ. ನಮ್ಮ ಕೇಸಲ್ಲಿ ಅಲ್ಲೀ ತನಕ ಹೋಗೋ ಪ್ರಮೇಯ ಬರ್ಲಿಲ್ಲ. ಗಾಡಿ ರಿಪೇರಿ ಆಗೋ ಮುಂಚೆ, ಗುಜರಿಗೆ ಹೋಗೋ ಮುಂಚೆ ಕೇಳಿದ್ರೆ ಮಾತ್ರ ಸಿಗೋ ವಸ್ತು ಅದು.

ಎರಡನೇದು, ಚಿಕಿತ್ಸೆ ಒಂದು ಹಂತಕ್ಕೆ ಬಂದು ಇನ್ನು ಇದಕ್ಕಿಂತ ಸುಧಾರಿಸಲ್ಲ ಅಂತ ಡಾಕ್ಟರ್ ಬರೆದುಕೊಡೋ ತನಕ ಮೊತ್ತದ ಮಾತೇ ಬೇಡ ಅಂದ್ರು. ಕಾಯೋದು ಕಷ್ಟ ಆಯ್ತು, ನಿಜ. ಹಾಗಂತ ಸುಮ್ನೆ ಕಾಯಕ್ಕೂ ಆಗಲ್ಲ, ದಾವೆ ಹಾಕಕ್ಕೆ ಕೊನೇ ದಿನಾಂಕ ಎಲ್ಲಾ ಕಡೆ ಇದೆ. ಇಂಗ್ಲೆಂಡಲ್ಲಿ ಸಾಮಾನ್ಯವಾಗಿ 3 ವರ್ಷ, ಕ್ಯಾಲಿಫೋರ್ನಿಯಾದಲ್ಲಿ 2 ವರ್ಷ, ಭಾರತದಲ್ಲಿ ಮೋಟಾರು ವಾಹನ ಕಾಯ್ದೆಗೆ ಬಂದ 2019ರ ತಿದ್ದುಪಡಿ ಬರೀ 6 ತಿಂಗಳು ಅಂತ ಬರೆದು ಅದರ ಮೇಲೆ ಕೋರ್ಟಲ್ಲಿ ತಕರಾರೂ ಎದ್ದಿದೆ. ವಿಮಾ ಕಂಪನಿ ಜೊತೆ ಪತ್ರ ವ್ಯವಹಾರ ನಡೀತಿದೆ ಅನ್ನೋ ಕಾರಣಕ್ಕೆ ಆ ದಿನಾಂಕ ಮುಂದಕ್ಕೆ ಹೋಗತ್ತೆ ಅಂತ ನೆಚ್ಕೊಂಡು ಕೂರ್ಬಾರ್ದು.

ಮೂರನೇದು ಮನೆ ಕೆಲಸ. ನಾನು ಅರ್ಧ ದಿನ ಕೆಲಸಕ್ಕೆ ಹೋಗ್ತೀನಿ, ಸಂಬಳ ಹೋಗಿದ್ದಕ್ಕೆ ಸ್ಲಿಪ್ ಇದೆ. ಮನೇಲಿ ಭಾರ ಎತ್ತಕ್ಕಾಗ್ದೇ ಬಟ್ಟೆ, ಪಾತ್ರೆ, ಅತ್ತೆಯವರನ್ನ ಎಬ್ಬಿಸಿ ಕೂರಿಸೋದು ಎಲ್ಲಕ್ಕೂ ಆಳು ಇಟ್ಕೊಂಡ್ವಲ್ಲ, ಅದಕ್ಕೆ ಏನು ಅಂತ ನಾನು ಕೇಳೇ ಇರ್ಲಿಲ್ಲ, ಅವರೇ ಎತ್ತಿದ್ರು. ಭಾರತದ ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಕೀರ್ತಿ ಅನ್ನೋ ಕೇಸಲ್ಲಿ, ಅಪಘಾತ ಪರಿಹಾರದಲ್ಲಿ ಗೃಹಿಣಿಯ ಕೆಲಸಕ್ಕೂ ಆದಾಯ ಅಂತ ಲೆಕ್ಕ ಹಿಡೀಬೇಕು ಅಂತ ಹೇಳಿದ್ದನ್ನ ಅಲ್ಲೇ ಮೊದಲು ಕೇಳಿದ್ದು ನಾನು. ಅದು ತೀರಿಹೋದವರ ಕೇಸು, ನಂದು ಹಂಗಲ್ಲ, ಆದ್ರೂ ಕೇಳಿ ಮನಸ್ಸಿಗೆ ಒಂಥರಾ ಆಯ್ತು. ನಮ್ಮ ಅತ್ತೆಗೆ ಹೇಳಿದ್ರೆ, ಅಷ್ಟಾದ್ರೂ ಕಣ್ಣು ಬಿಟ್ರಲ್ಲ ಅಂದ್ರು.

ಲಾಯರ್ ಆಫೀಸಿಗೆ ಮೂರು ಸ್ಟಾರ್. ನಾಲ್ಕು ಕೊಡೋಳಿದ್ದೆ, ಫೀಸ್ ವಿಷಯಕ್ಕೆ ಒಂದು ಕಿತ್ತೆ. ಗೆದ್ರೆ ಬಂದಿದ್ದರಲ್ಲಿ ಪಾಲು, ಸೋತ್ರೆ ಫೀಸಿಲ್ಲ ಅನ್ನೋ ಲೆಕ್ಕ. ಅಮೆರಿಕಾದಲ್ಲಿ ಇದು ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲಿನ ಹತ್ರ ಇರತ್ತೆ. ಇಂಗ್ಲೆಂಡಲ್ಲಿ 2013ರಿಂದ ಗಾಯದ ಕೇಸಿನ ಸಕ್ಸೆಸ್ ಫೀಸಿಗೆ 25 ಪರ್ಸೆಂಟ್ ಮಿತಿ ಇದೆ, ಮುಂದಿನ ಚಿಕಿತ್ಸೆಗೆ ಅಂತ ಬಂದ ದುಡ್ಡನ್ನ ಮುಟ್ಟೋ ಹಾಗಿಲ್ಲ. ಭಾರತದಲ್ಲಿ ವಕೀಲರು ಪರಿಹಾರದಲ್ಲಿ ಪಾಲು ಕೇಳೋ ಹಾಗೇ ಇಲ್ಲ ಅಂತ ಬಾರ್ ಕೌನ್ಸಿಲ್ ನಿಯಮ ಇದೆ, ನಿಯಮ ಇದೆ ಅಂತಷ್ಟೇ ನಾನು ಹೇಳಿದ್ದು. ನಮಗೆ ಪಾಲಿನ ಬಗ್ಗೆ ಬೇಜಾರಿಲ್ಲ, ಅದನ್ನ ಮೊದಲೇ ಬರೆದುಕೊಟ್ಟಿದ್ರು. ಬೇಜಾರಾಗಿದ್ದು ಆ ಪಾಲಿನ ಹೊರಗೆ ಮೆಡಿಕಲ್ ರಿಪೋರ್ಟ್ ಚಾರ್ಜು, ಜೆರಾಕ್ಸ್ ಚಾರ್ಜು, ಕೊರಿಯರ್ ಚಾರ್ಜು ಅಂತ ಕೊನೇಲಿ ಬಂದ ಲಿಸ್ಟಿಗೆ. ಖರ್ಚು ಕಳೆದು ಪಾಲಾ, ಪಾಲು ಕಳೆದು ಖರ್ಚಾ ಅನ್ನೋದರಲ್ಲೇ ಕೈಗೆ ಬರೋ ಮೊತ್ತ ಬದಲಾಗತ್ತೆ, ಮೊದಲ ದಿನಾನೇ ಕೇಳಿ ಬರೆಸ್ಕೊಳ್ಳಿ. ಮೇಡಂ ಫೋನಿಗೆ ಸಿಗೋದೂ ಅಪರೂಪ, ಎಲ್ಲಾ ಜೂನಿಯರ್ ಹುಡುಗನ ಕೈಲಿ. ಹುಡುಗ ಚುರುಕು, ಆದ್ರೆ ಅವನಿಗೆ ಏನ್ ಕೇಳಿದ್ರೂ ಮೇಡಂನ ಕೇಳಿ ಹೇಳ್ತೀನಿ.

ಇನ್ನೊಂದು ಯಾರೂ ಮುಂಚೆ ಹೇಳ್ದೇ ಇರೋದು, ನನ್ನ ಆಸ್ಪತ್ರೆ ಬಿಲ್ಲು ಕಟ್ಟಿದ್ದ ಹೆಲ್ತ್ ಇನ್ಶೂರೆನ್ಸಿನವರು ಸೆಟ್ಲ್‌ಮೆಂಟ್ ಸುದ್ದಿ ಗೊತ್ತಾದ ತಕ್ಷಣ ನಾವು ಕೊಟ್ಟಿದ್ದು ವಾಪಸ್ ಕೊಡಿ ಅಂತ ಪತ್ರ ಹಾಕಿದ್ರು. ಒಂದೇ ಬಿಲ್ಲಿಗೆ ಎರಡು ಕಡೆ ದುಡ್ಡು ತಗೊಳ್ಳೋ ಹಾಗಿಲ್ಲ ಅನ್ನೋದು ಅವರ ವಾದ, ಪಾಲಿಸಿಯಲ್ಲೂ ಹಾಗೇ ಇದೆ. ಅದನ್ನ ಚೌಕಾಸಿ ಮಾಡಿ ಕಮ್ಮಿ ಮಾಡಿಸಿದ್ದು ಆ ಜೂನಿಯರ್ ಹುಡುಗನೇ, ಮೂರನೇ ಸ್ಟಾರ್ ಅವನದು.

ನ್ಯೂಜಿಲೆಂಡಲ್ಲಿ ಈ ಗೋಳೇ ಬೇರೆ ತರ. 1974ರಿಂದ ಅಲ್ಲಿ ಎಸಿಸಿ ಅನ್ನೋ ಸರ್ಕಾರಿ ವ್ಯವಸ್ಥೆ ಇದೆ, ತಪ್ಪು ಯಾರದೇ ಆಗ್ಲಿ ಗಾಯ ಆದವರಿಗೆ ಚಿಕಿತ್ಸೆ ಖರ್ಚು, ಹೋದ ಸಂಬಳದ 80 ಪರ್ಸೆಂಟ್ ತನಕ ಕೊಡ್ತಾರೆ, ಬದಲಿಗೆ ಗುದ್ದಿದವನ ಮೇಲೆ ಗಾಯದ ಪರಿಹಾರಕ್ಕೆ ಕೇಸ್ ಹಾಕೋ ಹಕ್ಕು ಹೆಚ್ಚುಕಮ್ಮಿ ಇಲ್ಲ. ನಮ್ಮನೆಯವರು ಇದು ಸರಿ ಅಂತಾರೆ. ನಂಗೆ ಆ ಬಂಪರ್ ಫೋಟೋ ಕಳಿಸಿದವರ ಮುಂದೆ ಬಗ್ಗಿದ ಬೀಮ್ ಫೋಟೋ ಇಟ್ಟಾಗ ಸಿಕ್ಕ ಸಮಾಧಾನ ಬಿಟ್ಕೊಡಕ್ಕೆ ಮನಸ್ಸಿಲ್ಲ.

ಕೊನೆಗೆ ಬಂದ ಮೊತ್ತ ಎಷ್ಟು ಅಂತ ಬರೆಯೋ ಹಾಗಿಲ್ಲ, ಮೊದಲ ಆಫರ್ ಅದರ ಹತ್ರಕ್ಕೂ ಇರ್ಲಿಲ್ಲ. ಕತ್ತು ಈಗ ತಿರುಗತ್ತೆ, ಚಳಿಗೆ ಸ್ವಲ್ಪ ಹಿಡ್ಕೊಳ್ಳತ್ತೆ. ಗಾಡಿ ಪಾಲಿಸಿ ಅದೇ ಕಂಪನಿಯಲ್ಲೇ ರಿನ್ಯೂ ಮಾಡಿಸಿದ್ವಿ, ಜೊತೆಗೆ ಪ್ರಯಾಣಿಕರ ವೈದ್ಯಕೀಯ ಕವರ್ ಸೇರಿಸಿದ್ವಿ, ಅದ್ರಲ್ಲಿ ಪಕ್ಕದ ಸೀಟಿನವರ ಫೋನ್ ನಂಬರ್ ಹಾಕಕ್ಕೆ ಬೇರೆ ಜಾಗ ಇದೆ, ನನ್ನ ನಂಬರೇ ಹಾಕಿದೀನಿ.